ಚುನಾವಣೆ ಹೊತ್ತಲ್ಲಿ ರಾಜಕೀಯ ಸಾಕ್ಷ್ಯಚಿತ್ರ ನೋಡುವುದು ಹೇಗೆ?

ಚುನಾವಣೆ ಹತ್ತಿರ ಬಂದಾಗಲೆಲ್ಲ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. "ಒಂದು ರಾಜಕೀಯ ಡಾಕ್ಯುಮೆಂಟರಿ ನೋಡಿದೆ. ಮನಸ್ಸು ಕದಡಿಹೋಯಿತು. ಅದರಲ್ಲಿ ಹೇಳಿದ್ದೆಲ್ಲ ನಿಜವಾ? ಇಲ್ಲಾ, ಅದೂ ಪ್ರಚಾರವೇನಾ?"

ಇದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ಒಂದೂವರೆ ಗಂಟೆಯ ಚಿತ್ರದಲ್ಲಿ ನೂರಾರು ಮಾತುಗಳಿರುತ್ತವೆ. ಕೆಲವು ಅಪ್ಪಟ ನಿಜ. ಕೆಲವು ಅರ್ಧ ನಿಜ. ಕೆಲವು ಬರೀ ಅಭಿಪ್ರಾಯ. ಅವನ್ನು ಒಂದರಿಂದ ಒಂದು ಬಿಡಿಸಿ ನೋಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಅದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ನಿಲುವೇ ಇಲ್ಲದ ರಾಜಕೀಯ ಸಾಕ್ಷ್ಯಚಿತ್ರ ಇರುವುದಿಲ್ಲ. ಯಾರನ್ನು ಮಾತನಾಡಿಸಬೇಕು, ಯಾವ ದೃಶ್ಯ ಇಟ್ಟುಕೊಳ್ಳಬೇಕು, ಎಲ್ಲಿಗೆ ಮುಗಿಸಬೇಕು ಎಂದು ಯಾರೋ ಒಬ್ಬರು ತೀರ್ಮಾನ ಮಾಡಿಯೇ ಇರುತ್ತಾರೆ. ಅದು ತಪ್ಪಲ್ಲ. ತಮ್ಮ ನಿಲುವಿಗೆ ತಕ್ಕ ಸಾಕ್ಷಿ ಕೊಟ್ಟಿದ್ದಾರಾ ಎಂದು ನಾವು ಕೇಳಬೇಕು. ನಮಗೆ ಇಷ್ಟವಾದ ಚಿತ್ರವನ್ನಂತೂ ಇನ್ನೂ ಜಾಸ್ತಿ ಗಟ್ಟಿಯಾಗಿ ಕೇಳಬೇಕು.

ಉದಾಹರಣೆಗೆ ಅಮೆರಿಕದ 2004ರ ಅಧ್ಯಕ್ಷೀಯ ಚುನಾವಣೆಯನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತೇನೆ. ಅಧ್ಯಕ್ಷ ಜಾರ್ಜ್ ಬುಷ್ ಮತ್ತು ಜಾನ್ ಕೆರಿ ನಡುವಿನ ಸ್ಪರ್ಧೆ ಅದು. ಸಾಕ್ಷ್ಯಚಿತ್ರ, ಟಿವಿ ಸುದ್ದಿ, ಜನಾಭಿಪ್ರಾಯ ಮೂರೂ ಆ ಒಂದೇ ಸೀಸನ್ನಿನಲ್ಲಿ ಕಲಸಿಕೊಂಡವು. ಅದರ ಬಿಸಿ ಈಗ ಆರಿರುವುದರಿಂದ ತಣ್ಣಗೆ ಕೂತು ನೋಡಬಹುದು.

ಏನೇನು ಬೇಕು?

ಒಂದು ನೋಟ್‌ಬುಕ್, ಪೆನ್ನು. ನಿಲ್ಲಿಸಿ ನಿಲ್ಲಿಸಿ ನೋಡಲು ಬರುವಂಥ ವಿಡಿಯೊ. ಚಿತ್ರದ ಅವಧಿಗಿಂತ ಎರಡು ಪಟ್ಟು ಸಮಯ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಸುದ್ದಿಮೂಲಗಳು. ನಿಮಗಿಂತ ಬೇರೆ ಪಕ್ಷಕ್ಕೆ ಓಟು ಹಾಕುವ ಒಬ್ಬ ಸ್ನೇಹಿತರು ಸಿಕ್ಕರೆ ಇನ್ನೂ ಒಳ್ಳೆಯದು. ಅವರು ಯಾಕೆ ಬೇಕು ಎಂದು ಕೊನೆಯಲ್ಲಿ ಹೇಳುತ್ತೇನೆ.

1. ನೋಡುವ ಮೊದಲು ನಿಮ್ಮ ಅಭಿಪ್ರಾಯ ಬರೆದಿಡಿ

ಎರಡು ಸಾಲು ಸಾಕು. "ಈ ವಿಷಯದಲ್ಲಿ ನನಗೆ ಹೀಗನಿಸುತ್ತದೆ, ಅದಕ್ಕೆ ಕಾರಣ ಇದು" ಎಂದು ಬರೆಯಿರಿ. ದಿನಾಂಕ ಹಾಕಿ. ಚಿತ್ರ ಮುಗಿದ ಮೇಲೆ "ನನಗೆ ಇದು ಮೊದಲೇ ಗೊತ್ತಿತ್ತು" ಎಂದು ಮನಸ್ಸು ಹೇಳತೊಡಗುತ್ತದೆ. ಬರೆದಿಟ್ಟಿದ್ದರೆ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ಕಣ್ಣೆದುರಿಗೇ ಕಾಣುತ್ತದೆ. ಜನ ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

2. ಯಾರು ಮಾಡಿದರು, ದುಡ್ಡು ಯಾರದು, ಯಾಕೆ ಈಗ?

ಮೂರು ಪ್ರಶ್ನೆ. ನಿರ್ದೇಶಕರು ಮೊದಲು ಏನು ಮಾಡಿದ್ದಾರೆ? ನಿರ್ಮಾಣಕ್ಕೆ ಹಣ ಹಾಕಿದವರು ಯಾರು? ಬಿಡುಗಡೆಯ ದಿನಕ್ಕೂ ಮತದಾನದ ದಿನಕ್ಕೂ ಎಷ್ಟು ಅಂತರ? ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯನ್ನು ನಿಲ್ಲಿಸಿ ಓದಿ. ಹಣ ಕೊಟ್ಟ ಸಂಸ್ಥೆಗಳ ಹೆಸರು ಸಾಮಾನ್ಯವಾಗಿ ಅಲ್ಲಿರುತ್ತವೆ.

ನಾಲ್ಕನೆಯ ಪ್ರಶ್ನೆಯೂ ಒಂದಿದೆ, ಅದನ್ನು ಕೇಳುವವರು ಕಡಿಮೆ. ಚಿತ್ರವನ್ನು ಜನರಿಗೆ ಮುಟ್ಟಿಸುತ್ತಿರುವವರು ಯಾರು? 2004ರಲ್ಲಿ ಮೈಕಲ್ ಮೂರ್ ಅವರ ಬುಷ್ ವಿರೋಧಿ ಚಿತ್ರ 'ಫ್ಯಾರನ್‌ಹೈಟ್ 9/11' ಬಂತು. ಡಿಸ್ನಿ ಕಂಪನಿ ತನ್ನ ಅಂಗಸಂಸ್ಥೆಯಾಗಿದ್ದ ಮಿರಾಮ್ಯಾಕ್ಸ್‌ಗೆ ಅದನ್ನು ವಿತರಣೆ ಮಾಡಲು ಬಿಡಲಿಲ್ಲ. ಚಿತ್ರ ಬೇರೆ ವಿತರಕರ ಮೂಲಕ ಜೂನ್ 25ರಂದು ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಇದಕ್ಕೆ ತಿರುಗಾಮುರುಗಾ ಆಯಿತು. ಸಿಂಕ್ಲೇರ್ ಎಂಬ ಟಿವಿ ಕಂಪನಿ ಕೆರಿ ವಿರುದ್ಧದ ಒಂದು ಸಾಕ್ಷ್ಯಚಿತ್ರವನ್ನು ತನ್ನ 62 ಕೇಂದ್ರಗಳಲ್ಲಿ, ಮತದಾನಕ್ಕೆ ಸ್ವಲ್ಪವೇ ದಿನ ಇರುವಾಗ ಪ್ರಸಾರ ಮಾಡಲು ಹೊರಟಿತು. ಭಾರೀ ವಿರೋಧ ಬಂತು. ಕಂಪನಿಯ ಷೇರು ಬೆಲೆ ಇಳಿಯಿತು. ಕೊನೆಗೆ ಅದು ಇಡೀ ಚಿತ್ರ ಹಾಕದೆ, ಅದರ ತುಣುಕುಗಳಿದ್ದ ಬೇರೊಂದು ಕಾರ್ಯಕ್ರಮ ಪ್ರಸಾರ ಮಾಡಿತು. ಒಂದು ಕಡೆ ಚಿತ್ರ ತಡೆದವರು, ಇನ್ನೊಂದು ಕಡೆ ಚಿತ್ರ ಹೇರಲು ನೋಡಿದವರು. ಎರಡೂ ತೀರ್ಮಾನ ಮಾಲೀಕರದ್ದೇ. ಮಾಧ್ಯಮದ ಪಕ್ಷಪಾತ ಎಂದರೆ ಆಂಕರ್ ಬಾಯಿಂದ ಬರುವ ಮಾತು ಮಾತ್ರ ಎಂದು ನಾವು ತಿಳಿದಿರುತ್ತೇವೆ. ಅದು ಎಷ್ಟೋ ಸಲ ಕಾಣುವುದು ಹೀಗೆ, ಯಾವುದು ತೆರೆಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದರಲ್ಲಿ.

ಎಚ್ಚರಿಕೆ: ದುಡ್ಡು ಯಾರದು ಎಂದು ಗೊತ್ತಾದ ಕೂಡಲೇ ಚಿತ್ರವನ್ನು ತಳ್ಳಿಹಾಕಬೇಡಿ. ಪಕ್ಷದ ಬೆಂಬಲಿಗರ ಹಣದಲ್ಲಿ ಮಾಡಿದ ಚಿತ್ರದಲ್ಲೂ ನಿಜವಾದ ದಾಖಲೆ ಇರಬಹುದು. ಹಣದ ಮೂಲ ಗೊತ್ತಾದರೆ ಯಾವ ಭಾಗವನ್ನು ಜಾಸ್ತಿ ಪರೀಕ್ಷೆ ಮಾಡಬೇಕು ಎಂದು ತಿಳಿಯುತ್ತದೆ. ಅದು ಸುಳ್ಳು ಎಂದು ಅಷ್ಟರಿಂದಲೇ ಸಾಬೀತಾಗುವುದಿಲ್ಲ.

3. ನಿಯಮ ಏನಿದೆ ಎಂದು ತಿಳಿದಿರಲಿ

ಪ್ರತಿ ದೇಶಕ್ಕೂ ಬೇರೆ ಬೇರೆ. ಭಾರತದಲ್ಲಿ ಜನಪ್ರತಿನಿಧಿ ಕಾಯ್ದೆ 1951ರ 126ನೇ ಕಲಮಿನ ಪ್ರಕಾರ, ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಗಳಲ್ಲಿ ಟಿವಿ, ಸಿನಿಮಾ ಮೂಲಕ ಚುನಾವಣಾ ವಿಷಯ ಪ್ರದರ್ಶಿಸುವಂತಿಲ್ಲ. 126ಎ ಕಲಮು ಎಕ್ಸಿಟ್ ಪೋಲ್, ಅಂದರೆ ಮತ ಹಾಕಿ ಹೊರಬಂದವರನ್ನು ಕೇಳಿ ಮಾಡುವ ಸಮೀಕ್ಷೆಯನ್ನು, ಮತದಾನ ನಡೆಯುವ ಅವಧಿಯಲ್ಲಿ ಪ್ರಕಟಿಸದಂತೆ ತಡೆಯುತ್ತದೆ. ಬ್ರಿಟನ್ನಿನಲ್ಲಿ ಆಫ್‌ಕಾಮ್ ಎಂಬ ನಿಯಂತ್ರಕ ಸಂಸ್ಥೆ ಟಿವಿ, ರೇಡಿಯೊಗಳು ನಿಷ್ಪಕ್ಷಪಾತವಾಗಿ ನಡೆದುಕೊಳ್ಳಬೇಕೆಂದು ಕಡ್ಡಾಯ ಮಾಡಿದೆ. ಅಮೆರಿಕದಲ್ಲಿ ವಿವಾದದ ವಿಷಯಗಳಲ್ಲಿ ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕೆಂಬ ನಿಯಮವಿತ್ತು. ಅದನ್ನು 1987ರಲ್ಲಿ ತೆಗೆದುಹಾಕಿದರು. 2010ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 'ಸಿಟಿಜನ್ಸ್ ಯುನೈಟೆಡ್' ತೀರ್ಪು ಕೊಟ್ಟು, ಚುನಾವಣಾ ಪ್ರಚಾರಕ್ಕೆ ಕಂಪನಿಗಳು ಸ್ವತಂತ್ರವಾಗಿ ಹಣ ಸುರಿಯಲು ದಾರಿ ಬಿಟ್ಟಿತು. ಆ ಮೊಕದ್ದಮೆ ಹುಟ್ಟಿದ್ದು ಹಿಲರಿ ಕ್ಲಿಂಟನ್ ವಿರುದ್ಧ ಮಾಡಿದ ಒಂದು ಸಾಕ್ಷ್ಯಚಿತ್ರದಿಂದಲೇ.

ನಿಯಮ ಇದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಟಿವಿಗೆ ಬರೆದ ನಿಯಮ ನಿಮ್ಮ ಮೊಬೈಲಿಗೆ ಬರುವ ವಿಡಿಯೊಗೆ ಅಷ್ಟೇ ಬಿಗಿಯಾಗಿ ಅನ್ವಯವಾಗುವುದಿಲ್ಲ.

4. ಎರಡು ಸಲ ನೋಡಿ, ಎರಡನೇ ಸಲ ಮೂರು ಕಾಲಂ ಬರೆಯಿರಿ

ಮೊದಲ ಸಲ ಸುಮ್ನೆ ನೋಡಿ. ಅಳು ಬಂದರೆ ಅಳಿ, ಸಿಟ್ಟು ಬಂದರೆ ಬರಲಿ. ಎರಡನೇ ಸಲ ಪೆನ್ನು ಹಿಡಿಯಿರಿ. ಹಾಳೆಯಲ್ಲಿ ಮೂರು ಕಾಲಂ: "ಕಂಡಿದ್ದು", "ಕೇಳಿದ್ದು", "ಅನಿಸಿದ್ದು". ಇಡೀ ಚಿತ್ರಕ್ಕೆ ಹೀಗೆ ಬರೆಯಲು ಆಗುವುದಿಲ್ಲ. ನಿಮ್ಮನ್ನು ಜಾಸ್ತಿ ಅಲುಗಾಡಿಸಿದ ಐದು ನಿಮಿಷವನ್ನು ಆರಿಸಿಕೊಳ್ಳಿ.

ಒಂದು ದೃಶ್ಯ ಊಹಿಸಿಕೊಳ್ಳಿ. ಹಿನ್ನೆಲೆ ಧ್ವನಿ ಹೇಳುತ್ತದೆ: "ಜನ ಸಾಯುತ್ತಿದ್ದಾಗ ಸಚಿವರು ಏನು ಮಾಡುತ್ತಿದ್ದರು?" ತೆರೆಯ ಮೇಲೆ ಸಚಿವರು ಯಾವುದೋ ಸಮಾರಂಭದಲ್ಲಿ ನಗುತ್ತಿದ್ದಾರೆ. ದೃಶ್ಯ ನಿಧಾನವಾಗಿ ಓಡುತ್ತಿದೆ. ಒಂಟಿ ಪಿಯಾನೊ. ನಿಮ್ಮ ಮೂರನೇ ಕಾಲಂನಲ್ಲಿ ಬರುವುದು: "ಕಟುಕ." ಈಗ ಮೊದಲ ಕಾಲಂ ನೋಡಿ. ಅಲ್ಲಿರುವುದು "ಒಬ್ಬ ವ್ಯಕ್ತಿ ನಗುತ್ತಿದ್ದಾರೆ" ಅಷ್ಟೇ. ಆ ನಗು ಯಾವ ದಿನದ್ದು? ತೆರೆಯ ಮೇಲೆ ದಿನಾಂಕ ಹಾಕಿದ್ದಾರಾ? ಎಷ್ಟು ಸೆಕೆಂಡಿನ ನಗುವನ್ನು ನಿಧಾನ ಮಾಡಿ ಎಳೆದಿದ್ದಾರೆ? ಅದೇ ದಿನದ್ದು ಎಂದು ದಾಖಲೆ ಇದ್ದರೆ ನಿಮ್ಮ ಸಿಟ್ಟು ನ್ಯಾಯವೇ. ಇಲ್ಲದಿದ್ದರೆ ಆ ಸಿಟ್ಟು ಎಡಿಟಿಂಗ್ ಟೇಬಲ್ಲಿನಿಂದ ಬಂದದ್ದು.

ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಇದನ್ನೇ ತೋರಿಸಿದರು. ನಟನೊಬ್ಬನ ಭಾವವಿಲ್ಲದ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಜೋಡಿಸಿದರು. ಮುಖ ಅದೇ ಆದರೂ ನೋಡಿದವರಿಗೆ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತಂತೆ. ಎರಡು ದೃಶ್ಯ ಪಕ್ಕಪಕ್ಕ ಬಂದರೆ ಅವುಗಳ ನಡುವಿನ ಸಂಬಂಧವನ್ನು ನಾವೇ ಕಟ್ಟಿಕೊಳ್ಳುತ್ತೇವೆ.

ಇನ್ನು ಕೆಲವು ಗುರುತುಗಳು. ಸಂದರ್ಶನದಲ್ಲಿ ಮಾತನಾಡುತ್ತಿರುವವರ ಮುಖ ಬಿಟ್ಟು ಇದ್ದಕ್ಕಿದ್ದಂತೆ ಅವರ ಕೈ, ಕಿಟಕಿ, ಗಡಿಯಾರ ತೋರಿಸಿದರೆ, ಅಲ್ಲಿ ಮಾತನ್ನು ಕತ್ತರಿಸಿ ಜೋಡಿಸಿರಬಹುದು. ಹೀಗೆ ಮಧ್ಯೆ ತೂರಿಸುವ ದೃಶ್ಯಕ್ಕೆ ಕಟ್‌ಅವೇ ಎನ್ನುತ್ತಾರೆ. ಎಲ್ಲ ಎಡಿಟರ್‌ಗಳೂ ಬಳಸುತ್ತಾರೆ, ಬಹಳ ಸಲ ಬರೀ ಕೆಮ್ಮು, ತಡವರಿಕೆ ತೆಗೆಯಲು. ಆದರೆ ಒಂದು ಗಂಭೀರ ಆರೋಪದ ವಾಕ್ಯದ ನಟ್ಟನಡುವೆ ಕಟ್‌ಅವೇ ಬಂದರೆ ಪೂರ್ತಿ ಸಂದರ್ಶನ ಎಲ್ಲಾದರೂ ಸಿಗುತ್ತದಾ ಎಂದು ಹುಡುಕಿ. ನಡೆದ ಘಟನೆಯನ್ನು ನಟರಿಂದ ಮತ್ತೆ ಮಾಡಿಸಿ ತೋರಿಸುವುದೂ ಉಂಟು. "ಮರುಸೃಷ್ಟಿ" ಎಂದು ತೆರೆಯ ಮೇಲೆ ಬರೆದಿರಬೇಕು. ಬರೆಯದಿದ್ದರೆ ಅದು ದೊಡ್ಡ ತಪ್ಪು.

ಸಂಗೀತದ ಪ್ರಭಾವ ಗೊತ್ತಾಗಬೇಕಾದರೆ ಆ ಐದು ನಿಮಿಷವನ್ನು ಶಬ್ದ ತೆಗೆದು, ತೆರೆಯ ಕೆಳಗೆ ಬರುವ ಅಕ್ಷರ (ಸಬ್‌ಟೈಟಲ್) ಮಾತ್ರ ಓದುತ್ತ ನೋಡಿ. ಮಾಡಿ ನೋಡಿದವರಿಗೇ ಗೊತ್ತು ಎಷ್ಟು ವ್ಯತ್ಯಾಸ ಎಂದು.

5. ಮೂರೇ ಮೂರು ಹೇಳಿಕೆ ಆರಿಸಿ, ಪೂರ್ತಿ ಪರೀಕ್ಷೆ ಮಾಡಿ

ಈ ಲೇಖನದಲ್ಲಿ ಒಂದೇ ಹಂತ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ. ಎಲ್ಲವನ್ನೂ ಅನುಮಾನಿಸುವುದಕ್ಕಿಂತ ಮೂರನ್ನು ಬುಡದವರೆಗೆ ಹುಡುಕುವುದು ಎಷ್ಟೋ ಉಪಯೋಗ.

ಚಿತ್ರದ ವಾದ ನಿಂತಿರುವಂಥ ಹೇಳಿಕೆಗಳನ್ನೇ ಆರಿಸಿ. ಅದರಲ್ಲಿ ಹೆಸರು, ದಿನಾಂಕ, ಸಂಖ್ಯೆ, ದಾಖಲೆ ಏನಾದರೂ ಇರಬೇಕು. "ದೇಶ ಹಾಳಾಗಿದೆ" ಎಂಬುದನ್ನು ಪರೀಕ್ಷೆ ಮಾಡಲು ಆಗುವುದಿಲ್ಲ. "ಇಂಥ ಪತ್ರಿಕೆ ಇಂಥ ದಿನ ಹೀಗೆ ಬರೆಯಿತು" ಎಂಬುದನ್ನು ಮಾಡಬಹುದು.

ಅಂಥದ್ದೇ ಒಂದನ್ನು ಹತ್ತಿರದಿಂದ ನೋಡೋಣ. ಮೂರ್ ಅವರ ಚಿತ್ರದಲ್ಲಿ ಒಂದು ಪತ್ರಿಕೆಯ ಪುಟ ಕಣ್ಣ ಮುಂದೆ ಹಾದುಹೋಗುತ್ತದೆ. ಇಲಿನಾಯ್ ರಾಜ್ಯದ 'ಪ್ಯಾಂಟಾಗ್ರಾಫ್' ಪತ್ರಿಕೆ, 2001ರ ಡಿಸೆಂಬರ್ 19. 2000ರ ಅಧ್ಯಕ್ಷೀಯ ಚುನಾವಣೆಯಲ್ಲಿ ಬುಷ್ ಎದುರು ನಿಂತಿದ್ದ ಅಲ್ ಗೋರ್, ಫ್ಲೋರಿಡಾ ರಾಜ್ಯದ ಮರುಎಣಿಕೆಯಲ್ಲಿ ಗೆದ್ದಿದ್ದಾರೆ ಎಂದು ದೊಡ್ಡ ತಲೆಬರಹ. ನೋಡಿದವರಿಗೆ ಅದು ಸುದ್ದಿ ಎಂದೇ ಅನಿಸುತ್ತದೆ. ಪತ್ರಿಕೆಯವರು ತಮ್ಮ ಹಳೆಯ ಸಂಚಿಕೆ ತೆಗೆದು ನೋಡಿದರು. ಆ ಸಾಲು ಬಂದಿದ್ದು ಡಿಸೆಂಬರ್ 5ರಂದು, ಓದುಗರ ಪತ್ರಗಳ ವಿಭಾಗದಲ್ಲಿ, ಒಬ್ಬ ಓದುಗರ ಪತ್ರಕ್ಕೆ ಹಾಕಿದ ಸಣ್ಣ ತಲೆಬರಹವಾಗಿ. ಪತ್ರಿಕೆ ಚಿತ್ರತಂಡಕ್ಕೆ ಪತ್ರ ಬರೆದು ಕ್ಷಮೆ ಕೇಳಬೇಕೆಂದಿತು, ಪರಿಹಾರವಾಗಿ 1 ಡಾಲರ್ ಕೊಡಬೇಕೆಂದಿತು.

ಪತ್ರಿಕೆಯ ಹೆಸರು ನಿಜ. ಅಕ್ಷರಗಳೂ ಅದರಲ್ಲಿ ಅಚ್ಚಾದವೇ. ದಿನಾಂಕ, ಜಾಗ, ಗಾತ್ರ ಬದಲಾಯಿತು. ಅಭಿಪ್ರಾಯ ಹೋಗಿ ಸುದ್ದಿಯಾಯಿತು.

ಇಲ್ಲಿಗೆ ನಿಲ್ಲಿಸಿ "ಚಿತ್ರ ಸುಳ್ಳು" ಎಂದು ಎದ್ದುಬಿಟ್ಟರೆ ನಾವೂ ಅರ್ಧ ಕೆಲಸ ಮಾಡಿದ ಹಾಗೆ. ಮುಂದಿನ ಪ್ರಶ್ನೆ: ಗೋರ್ ಗೆದ್ದಿದ್ದರು ಎಂಬ ಮಾತಿಗೆ ಬೇರೆ ಆಧಾರ ಇದೆಯಾ? 2000ರ ಚುನಾವಣೆಯಲ್ಲಿ ಫ್ಲೋರಿಡಾದಲ್ಲಿ ಅಧಿಕೃತವಾಗಿ ಬುಷ್ ಗೆದ್ದಿದ್ದು 537 ಮತಗಳಿಂದ. ಆಮೇಲೆ ಹಲವು ಪತ್ರಿಕೆಗಳು ಸೇರಿ ವಿವಾದಿತ ಮತಪತ್ರಗಳನ್ನು ಪರಿಶೀಲನೆ ಮಾಡಿಸಿ, 2001ರ ನವೆಂಬರಿನಲ್ಲಿ ಫಲಿತಾಂಶ ಪ್ರಕಟಿಸಿದವು. ಗೋರ್ ಕೇಳಿದ್ದ ಕೆಲವು ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಯಂಥ ಭಾಗಗಳ, ಮರುಎಣಿಕೆ ಮಾತ್ರ ನಡೆದಿದ್ದರೆ ಬುಷ್ ಮುನ್ನಡೆ ಉಳಿಯುತ್ತಿತ್ತು. ಇಡೀ ರಾಜ್ಯದ ಎಲ್ಲ ತಿರಸ್ಕೃತ ಮತಪತ್ರಗಳನ್ನು ನೋಡಿದ್ದರೆ ಗೋರ್ ತೀರಾ ಸಣ್ಣ ಅಂತರದಿಂದ ಮುಂದೆ ಬರುತ್ತಿದ್ದರು. ಅಂದರೆ ವಿಷಯ ಎರಡೂ ಕಡೆಯವರು ಹೇಳಿದ್ದಕ್ಕಿಂತ ಸಿಕ್ಕುಸಿಕ್ಕಾಗಿತ್ತು.

ಹಾಗಾಗಿ ಪ್ರತಿ ಹೇಳಿಕೆಯ ಮುಂದೆ ನಾಲ್ಕರಲ್ಲಿ ಒಂದು ಬರೆಯಿರಿ: ನಿಜ. ನಿಜ, ಆದರೆ ಪೂರ್ತಿ ಅಲ್ಲ. ತಪ್ಪು. ಗೊತ್ತಾಗಲಿಲ್ಲ. ಕೊನೆಯದನ್ನು ಬರೆಯಲು ಮುಜುಗರ ಬೇಡ.

ಹುಡುಕುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಹತ್ತು ಕಡೆ ಅದೇ ಸುದ್ದಿ ಕಂಡರೆ ಹತ್ತು ಸಾಕ್ಷಿ ಸಿಕ್ಕಿತು ಎಂದುಕೊಳ್ಳುತ್ತಾರೆ. ಹತ್ತೂ ಕಡೆಯವರು ಒಂದೇ ಮೂಲದಿಂದ ಎತ್ತಿಕೊಂಡಿದ್ದರೆ ಅದು ಒಂದೇ ಸಾಕ್ಷಿ. ಮೂಲ ದಾಖಲೆ, ಅಂದರೆ ಕೋರ್ಟ್ ಆದೇಶ, ಸದನದ ಕಡತ, ಪೂರ್ತಿ ಭಾಷಣದ ವಿಡಿಯೊ, ಸಿಗುವವರೆಗೆ ಹಿಂದಕ್ಕೆ ಹೋಗಿ.

6. ಏನು ಬಿಟ್ಟಿದ್ದಾರೆ ಎಂದು ಕೇಳಿ

ಇದು ಕಷ್ಟದ ಕೆಲಸ, ಯಾಕೆಂದರೆ ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ಸುಲಭದ ಉಪಾಯ: ಚಿತ್ರದಲ್ಲಿ ಆರೋಪ ಹೊತ್ತವರ ಉತ್ತರ ಇದೆಯಾ ನೋಡಿ. "ಅವರು ಪ್ರತಿಕ್ರಿಯೆ ಕೊಡಲಿಲ್ಲ" ಎಂದಾದರೂ ಹೇಳಿದ್ದಾರಾ? ಆಮೇಲೆ, ಆ ಘಟನೆಯ ಹಿಂದಿನ ವರ್ಷ, ಮುಂದಿನ ವರ್ಷ ಏನಾಯಿತು ಎಂದು ಬೇರೆ ಕಡೆ ಓದಿ. ಗ್ರಾಫ್ ತೋರಿಸಿದರೆ ಅದು ಯಾವ ವರ್ಷದಿಂದ ಶುರುವಾಗುತ್ತದೆ ಎಂದು ಗಮನಿಸಿ. ಶುರುವಿನ ವರ್ಷ ಎರಡು ವರ್ಷ ಆಚೀಚೆ ಆದರೆ ಏರುವ ಗೆರೆ ಇಳಿಯುವ ಗೆರೆಯಾಗಬಹುದು.

7. ಚಿತ್ರದ ಬಗ್ಗೆ ಬರುವ ಸುದ್ದಿಯನ್ನೂ ಅಳೆಯಿರಿ, ನಿಮ್ಮನ್ನೂ ಅಳೆಯಿರಿ

ಚಿತ್ರ ಬಂದ ಮೇಲೆ ಚಾನೆಲ್ಲುಗಳಲ್ಲಿ ಚರ್ಚೆ ಶುರುವಾಗುತ್ತದೆ. ಆಗ ಮೂರು ವಿಷಯ ನೋಡಿ. ಚರ್ಚೆ ಚಿತ್ರದಲ್ಲಿರುವ ಹೇಳಿಕೆಗಳ ಬಗ್ಗೆ ನಡೆಯುತ್ತಿದೆಯಾ, ನಿರ್ದೇಶಕರ ಜನ್ಮ ಜಾಲಾಡುತ್ತಿದೆಯಾ? ಕೂತಿರುವ ಅತಿಥಿಗಳಲ್ಲಿ ಚಿತ್ರ ನೋಡಿದವರು ಎಷ್ಟು ಮಂದಿ? ಮತ್ತು ಈ ಚರ್ಚೆಯಿಂದಾಗಿ ಯಾವ ಸುದ್ದಿ ಆ ದಿನ ಮೂಲೆಗೆ ಹೋಯಿತು?

ಕೊನೆಯ ಪ್ರಶ್ನೆಗೆ ಒಂದು ಹೆಸರಿದೆ: ಅಜೆಂಡಾ ಸೆಟ್ಟಿಂಗ್. ಯಾವ ವಿಷಯ ದೊಡ್ಡದು, ಯಾವುದು ಸಣ್ಣದು ಎಂದು ಮಾಧ್ಯಮ ಜನರ ಮನಸ್ಸಿನಲ್ಲಿ ಸಾಲು ಹಚ್ಚುವುದು ಎಂದು ಅರ್ಥ. ಮ್ಯಾಕ್ಸ್‌ವೆಲ್ ಮೆಕಾಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಸಂಶೋಧಕರು 1968ರ ಅಮೆರಿಕ ಚುನಾವಣೆಯ ವೇಳೆ ಚಾಪೆಲ್ ಹಿಲ್ ಊರಿನಲ್ಲಿ, ಇನ್ನೂ ಯಾರಿಗೆ ಎಂದು ತೀರ್ಮಾನಿಸದ ಮತದಾರರನ್ನು ಮಾತನಾಡಿಸಿದರು. ಮಾಧ್ಯಮ ಯಾವ ವಿಷಯಗಳಿಗೆ ಜಾಸ್ತಿ ಜಾಗ ಕೊಟ್ಟಿತ್ತೋ ಮತದಾರರಿಗೂ ಹೆಚ್ಚುಕಡಿಮೆ ಅವೇ ಮುಖ್ಯ ಅನಿಸಿದ್ದವು.

ಈಗ ನಿಮ್ಮ ಸರದಿ. 1985ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 1982ರಲ್ಲಿ ಲೆಬನಾನಿನ ಬೈರೂತ್‌ನಲ್ಲಿ ಪ್ಯಾಲೆಸ್ಟೀನ್ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಟಿವಿ ಸುದ್ದಿಗಳನ್ನು ಇಸ್ರೇಲ್ ಪರ ಇದ್ದ ವಿದ್ಯಾರ್ಥಿಗಳಿಗೂ ಅರಬರ ಪರ ಇದ್ದ ವಿದ್ಯಾರ್ಥಿಗಳಿಗೂ ತೋರಿಸಿದರು. ಸುದ್ದಿ ಅದೇ. ಎರಡೂ ಗುಂಪಿನವರು ಅದು ತಮ್ಮ ವಿರುದ್ಧ ವಾಲಿದೆ ಎಂದರು. ಆದ್ದರಿಂದ "ಈ ಚಾನೆಲ್ ಪಕ್ಷಪಾತಿ" ಎಂದು ನಿಮಗೆ ಗಟ್ಟಿಯಾಗಿ ಅನಿಸಿದಾಗ ಹೆಸರು ಬದಲಾಯಿಸಿ ನೋಡಿ. ಅದೇ ವಾಕ್ಯ, ಅದೇ ತಲೆಬರಹ, ಆದರೆ ನಿಮ್ಮ ಪಕ್ಷದ ಜಾಗದಲ್ಲಿ ಎದುರು ಪಕ್ಷ. ಆಗಲೂ ಅನ್ಯಾಯ ಅನಿಸುತ್ತದಾ? ಅನಿಸಿದರೆ ನಿಮ್ಮ ದೂರಿನಲ್ಲಿ ಹುರುಳಿದೆ.

ಸುದ್ದಿಸಂಸ್ಥೆಯನ್ನು ಅಳೆಯಲು ನಾನು ಜಾಸ್ತಿ ನಂಬುವ ಅಳತೆ ಬೇರೆ: ತಪ್ಪಾದಾಗ ತಿದ್ದಿಕೊಳ್ಳುತ್ತದಾ? 2004ರ ಸೆಪ್ಟೆಂಬರ್ 8ರಂದು ಸಿಬಿಎಸ್ ಚಾನೆಲ್ ಬುಷ್ ಅವರ ಸೈನಿಕ ಸೇವೆಯ ಬಗ್ಗೆ ಕೆಲವು ಹಳೆಯ ಟಿಪ್ಪಣಿಗಳನ್ನು ತೋರಿಸಿತು. ಅವು ಅಸಲಿ ಎಂದು ಸಾಬೀತು ಮಾಡಲು ಆಗಲಿಲ್ಲ. ಸೆಪ್ಟೆಂಬರ್ 20ರಂದು ನಿರೂಪಕ ಡ್ಯಾನ್ ರಾದರ್ ಪ್ರಸಾರದಲ್ಲೇ ಕ್ಷಮೆ ಕೇಳಿದರು. ತಡವಾಯಿತು ನಿಜ. ಆದರೂ ತಪ್ಪು ದಾಖಲಾಯಿತು. ತಪ್ಪು ಸುದ್ದಿಯನ್ನು ಸದ್ದಿಲ್ಲದೆ ಅಳಿಸಿಹಾಕುವ ಸಂಸ್ಥೆಗಿಂತ ತಿದ್ದುಪಡಿಯನ್ನು ಎಲ್ಲರಿಗೂ ಕಾಣುವಂತೆ ಹಾಕುವ ಸಂಸ್ಥೆ ಮೇಲು.

8. ಸಮೀಕ್ಷೆಯ ಅಂಕಿ ಓದುವಾಗ

"ಈ ಚಿತ್ರ ಬಂದ ಮೇಲೆ ಅವರ ಬೆಂಬಲ 2 ಪರ್ಸೆಂಟ್ ಇಳಿಯಿತು" ಎಂಬಂಥ ಸುದ್ದಿ ಬರುತ್ತದೆ. ನಂಬುವ ಮೊದಲು ಎಷ್ಟು ಜನರನ್ನು ಕೇಳಿದರು ನೋಡಿ. ಸರಿಯಾಗಿ ಆರಿಸಿದ 1,000 ಜನರ ಸಮೀಕ್ಷೆಯಲ್ಲಿ ಸುಮಾರು 3 ಪರ್ಸೆಂಟ್ ಆಚೀಚೆ ಆಗುವುದು ಸಹಜ. ಇದಕ್ಕೆ ಮಾರ್ಜಿನ್ ಆಫ್ ಎರರ್ ಎನ್ನುತ್ತಾರೆ. ಹಾಗಿರುವಾಗ 2 ಪರ್ಸೆಂಟ್ ಇಳಿಕೆ ಎಂದರೆ ಏನೂ ಆಗಿಲ್ಲದೆಯೂ ಇರಬಹುದು.

ಜನ ಜಾಸ್ತಿ ಇದ್ದರೆ ಸಮೀಕ್ಷೆ ಸರಿ ಎಂದೂ ಅಲ್ಲ. 1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆಗೆ ಮೊದಲು 'ಲಿಟರರಿ ಡೈಜೆಸ್ಟ್' ಪತ್ರಿಕೆ ನಡೆಸಿದ ಸಮೀಕ್ಷೆಗೆ 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದಿದ್ದವು. ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಹೇಳಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಪತ್ರಿಕೆ ವಿಳಾಸ ಆರಿಸಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಯಿಂದ. ಉತ್ತರ ಬರೆದು ಕಳಿಸಿದವರೂ ಒಂದು ಬಗೆಯ ಜನವೇ. ಟಿವಿ ಚಾನೆಲ್ಲು, ಸಾಮಾಜಿಕ ಜಾಲತಾಣಗಳಲ್ಲಿ "ಓಟು ಮಾಡಿ" ಎಂದು ನಡೆಸುವ ಸಮೀಕ್ಷೆಗಳಿಗೂ ಇದೇ ರೋಗ. ಅವನ್ನು ಲೆಕ್ಕಕ್ಕೇ ಹಿಡಿಯಬೇಡಿ.

9. ಹಂಚುವ ಮೊದಲು, ಮಾತಾಡುವ ಮೊದಲು

ಸಾಕ್ಷ್ಯಚಿತ್ರವೊಂದು ಚುನಾವಣೆ ತಿರುಗಿಸುತ್ತದೆ ಎಂದು ಬಹಳ ಜನ ಭಯಪಡುತ್ತಾರೆ, ಇಲ್ಲವೇ ಆಸೆಪಡುತ್ತಾರೆ. ಮೂರ್ ಅವರ ಚಿತ್ರ ಅಮೆರಿಕದಲ್ಲೇ 11 ಕೋಟಿ ಡಾಲರಿಗಿಂತ ಜಾಸ್ತಿ ಗಳಿಸಿತು. ಆದರೂ ನವೆಂಬರಿನಲ್ಲಿ ಬುಷ್ ಗೆದ್ದರು. ಚಿತ್ರಕ್ಕೆ ಪ್ರಭಾವವೇ ಇರಲಿಲ್ಲ ಎಂದು ಇದರಿಂದ ಹೇಳಲು ಬರುವುದಿಲ್ಲ, ಚಿತ್ರ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಅಳೆಯಲು ಆಗದು. ಆದರೆ 1940ರಲ್ಲಿ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಅದೇ ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತನಾಡಿಸಿದಾಗ ಕಂಡಿದ್ದು ಇದು: ಪ್ರಚಾರದಿಂದ ಪಕ್ಷ ಬದಲಾಯಿಸಿದವರು ತೀರಾ ಕಡಿಮೆ. ಬಹುತೇಕರಿಗೆ ಇದ್ದ ಅಭಿಪ್ರಾಯವೇ ಗಟ್ಟಿಯಾಯಿತು. ತೀರ್ಮಾನ ಬದಲಾದ ಕಡೆ ರೇಡಿಯೊ, ಪತ್ರಿಕೆಗಿಂತ ಪರಿಚಯದವರ ಮಾತು ಜಾಸ್ತಿ ಕೆಲಸ ಮಾಡಿತ್ತು.

ಅಂದರೆ ಚಿತ್ರಕ್ಕಿಂತ ನೀವು ಆಡುವ ಮಾತಿಗೆ ಬೆಲೆ ಜಾಸ್ತಿ. ಅದಕ್ಕೇ ಬೇರೆ ಪಕ್ಷದ ಆ ಸ್ನೇಹಿತರು ಬೇಕು ಎಂದಿದ್ದು. ಇಡೀ ಚಿತ್ರದ ಲಿಂಕ್ ಕಳಿಸಿ "ನೋಡಿ, ಕಣ್ಣು ತೆರೆಯುತ್ತದೆ" ಎನ್ನಬೇಡಿ. ಅದನ್ನು ಓದಿದ ಕೂಡಲೇ ಅವರ ಬಾಗಿಲು ಮುಚ್ಚುತ್ತದೆ. ನೀವು ಪರೀಕ್ಷೆ ಮಾಡಿದ ಮೂರು ಹೇಳಿಕೆಗಳನ್ನು ಕಳಿಸಿ. ಯಾವುದು ನಿಜ ಎಂದು ಕಂಡಿತು, ಯಾವುದು ಪೂರ್ತಿ ಅಲ್ಲ, ಯಾವುದು ಗೊತ್ತಾಗಲಿಲ್ಲ ಎಂದು ಬರೆಯಿರಿ. ಮೂಲ ದಾಖಲೆ ಜೊತೆಗಿರಲಿ. "ನಿಮಗೆ ಇದಕ್ಕೆ ವಿರುದ್ಧವಾದ ದಾಖಲೆ ಗೊತ್ತಿದ್ದರೆ ಕಳಿಸಿ" ಎಂದು ಕೇಳಿ. ಅವರು ಕಳಿಸಿದರೆ ಐದನೇ ಹಂತದ ಹಾಳೆ ಮತ್ತೆ ತೆಗೆದು, ಅದನ್ನೂ ಅಷ್ಟೇ ಗಟ್ಟಿಯಾಗಿ ಪರೀಕ್ಷೆ ಮಾಡಿ.

ಚಿತ್ರದಿಂದ ಕತ್ತರಿಸಿದ ಮೂವತ್ತು ಸೆಕೆಂಡಿನ ತುಣುಕು ಬಂದರೆ ಮಾತ್ರ ಅದನ್ನು ಅಲ್ಲಿಗೇ ನಿಲ್ಲಿಸಿ. ಮೊದಲು ಅದರ ಹಿಂದಿನ, ಮುಂದಿನ ಎರಡು ನಿಮಿಷ ನೋಡಿ. ಅದು ಸಿಗದಿದ್ದರೆ ಮತದಾನ ಮುಗಿಯುವವರೆಗೆ ಯಾರಿಗೂ ಕಳಿಸಬೇಡಿ.